ಒಂದೇ ಮೆಷಿನ್ನಿನಲ್ಲಿ ರೆಡಿಸ್: ತಂದದ್ದು ವೇಗಕ್ಕೆ, ಉಳಿಸಿಕೊಂಡದ್ದು ಬೇರೆ ಕಾರಣಕ್ಕೆ

ವೆಬ್ ಅಪ್ಲಿಕೇಶನ್, ಪೋಸ್ಟ್‌ಗ್ರೆಸ್ ಡೇಟಾಬೇಸ್, ಹಿನ್ನೆಲೆಯಲ್ಲಿ ಓಡುವ ಸಣ್ಣಪುಟ್ಟ ಕೆಲಸಗಳು, ಎಲ್ಲವೂ ಒಂದೇ ಮೆಷಿನ್ನಿನಲ್ಲಿ. ಇಂಥ ಕಡೆ, ಮತ್ತೆ ಮತ್ತೆ ಬೇಕಾಗುವ ಉತ್ತರಗಳನ್ನು ಮೆಮೊರಿಯಲ್ಲಿ ತಾತ್ಕಾಲಿಕವಾಗಿ ಇಟ್ಟುಕೊಳ್ಳಲು (ಕ್ಯಾಶ್ ಮಾಡಲು) ರೆಡಿಸ್ ಎಂಬ ಇನ್ನೊಂದು ಪ್ರೋಗ್ರಾಮು ಯಾಕಪ್ಪಾ ಬೇಕು ಎಂದು ಕೇಳುವವರ ಪ್ರಶ್ನೆ ನ್ಯಾಯವಾದದ್ದೇ. ವರ್ಷಗಟ್ಟಲೆ ಬಳಸಿದ ಮೇಲೆ ನಾನು ಹೇಳುವುದಿಷ್ಟು: ಬರೀ ವೇಗಕ್ಕಾಗಿ ಎಂದಾದರೆ ಬಹುಪಾಲು ಬೇಡ. ಆದರೂ ನಾನು ಅದನ್ನು ತೆಗೆದುಹಾಕಿಲ್ಲ, ತೆಗೆದುಹಾಕುವ ಯೋಚನೆಯೂ ಇಲ್ಲ.

ವೇಗದ ಮಾತನ್ನು ಮೊದಲು ಮುಗಿಸಿಬಿಡೋಣ. ಪ್ರೋಗ್ರಾಮಿನ ಒಳಗೇ ಇರುವ ಡಿಕ್ಷನರಿಯಲ್ಲಿ (ಹೆಸರು ಕೊಟ್ಟರೆ ಮೌಲ್ಯ ಕೊಡುವ ಪಟ್ಟಿಯಲ್ಲಿ) ಒಂದು ಕೀ, ಅಂದರೆ ಹೆಸರು, ಹುಡುಕಲು ಒಂದು ಮೈಕ್ರೋಸೆಕೆಂಡೂ ಬೇಕಿಲ್ಲ. ರೆಡಿಸ್ ಅದೇ ಮೆಷಿನ್ನಿನಲ್ಲಿದ್ದರೂ ಬೇರೆ ಪ್ರೊಸೆಸ್. ಸಾಕೆಟ್ (ಪ್ರೊಸೆಸ್‌ಗಳು ಮಾತಾಡುವ ಕೊಂಡಿ) ಮೂಲಕ ಹೋಗಿ ಬರುವುದಕ್ಕೇ ಹತ್ತಾರು ಮೈಕ್ರೋಸೆಕೆಂಡು ಹಿಡಿಯುತ್ತದೆ. ಜೊತೆಗೆ ಆಬ್ಜೆಕ್ಟನ್ನು ಜೇಸನ್ ಎಂಬ ಪಠ್ಯರೂಪಕ್ಕೆ ತಿರುಗಿಸಿ ಕಳಿಸಬೇಕು, ಬಂದದ್ದನ್ನು ಮತ್ತೆ ಬಿಚ್ಚಬೇಕು. ಆಬ್ಜೆಕ್ಟ್ ದೊಡ್ಡದಾದರೆ ಹೋಗಿ ಬರುವುದಕ್ಕಿಂತ ಬಿಚ್ಚುವುದಕ್ಕೇ ಹೆಚ್ಚು ಹೊತ್ತು. ನೆಟ್‌ವರ್ಕಿನ ಟಿಸಿಪಿ ಬಿಟ್ಟು ಮೆಷಿನ್ನಿನೊಳಗೇ ನಡೆಯುವ ಯುನಿಕ್ಸ್ ಸಾಕೆಟ್ ಬಳಸಿದರೆ ಸ್ವಲ್ಪ ಉಳಿತಾಯವಿದೆ, ಒಂದೇ ಮೆಷಿನ್ ಇರುವವರು ಅದನ್ನು ಬಿಡಬಾರದು. ಅದಕ್ಕಿಂತ ದೊಡ್ಡ ಉಳಿತಾಯ ಲೂಪಿನೊಳಗೆ ಒಂದೊಂದೇ ಗೆಟ್ (ಒಂದು ಕೀ ಓದುವ ಕಮಾಂಡು) ಕಳಿಸುವುದನ್ನು ನಿಲ್ಲಿಸಿ, ಹಲವನ್ನು ಒಟ್ಟಿಗೆ ಕೇಳುವ ಎಂಗೆಟ್ ಅಥವಾ ಪೈಪ್‌ಲೈನ್ ಬಳಸುವುದರಲ್ಲಿದೆ.

ಏನನ್ನು ಕ್ಯಾಶ್ ಮಾಡುತ್ತೇವೆ ಎನ್ನುವುದೂ ಮುಖ್ಯ. ಪ್ರೈಮರಿ ಕೀ (ಟೇಬಲಿನ ಸಾಲಿನ ಗುರುತು) ಹಿಡಿದು ಒಂದು ಸಾಲು ತರುವ ಕ್ವೆರಿಗೆ ರೆಡಿಸ್ ಮುಂದಿಟ್ಟರೆ ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ತಿರುಗಿದಂತೆ. ಪದೇ ಪದೇ ಕೇಳುವ ಆ ಸಾಲು ಪೋಸ್ಟ್‌ಗ್ರೆಸ್‌ನ ಶೇರ್ಡ್ ಬಫರ್‌ನಲ್ಲೋ ಆಪರೇಟಿಂಗ್ ಸಿಸ್ಟಮ್ಮಿನ ಪೇಜ್ ಕ್ಯಾಶ್‌ನಲ್ಲೋ ಆಗಲೇ ಮೆಮೊರಿಯಲ್ಲಿ ಕೂತಿರುತ್ತದೆ, ಡಿಸ್ಕಿನ ಮಾತೇ ಬರುವುದಿಲ್ಲ. ಐದಾರು ಟೇಬಲ್ ಜಾಯಿನ್ ಮಾಡಿ ಮೊತ್ತ ತೆಗೆಯುವ ವರದಿಗಳು, ಹೊರಗಿನ ಎಪಿಐನಿಂದ ತಂದ ಉತ್ತರಗಳು, ಕಟ್ಟಿ ಮುಗಿದ ಎಚ್‌ಟಿಎಂಎಲ್ ತುಣುಕುಗಳು: ಲಾಭ ಕಣ್ಣಿಗೆ ಕಾಣುವುದು ಇಲ್ಲಿ.

ಹಾಗಾದರೆ ಒಳಗಿನ ಡಿಕ್ಷನರಿಯೇ ಸಾಲದೆ? ಪೈಥಾನಿನಲ್ಲಿ ಎಲ್‌ಆರ್‌ಯು (ಬಹಳ ಹೊತ್ತಿನಿಂದ ಬಳಸದ್ದನ್ನು ಮೊದಲು ಬಿಸಾಡುವ) ಕ್ಯಾಶ್ ಡೆಕೊರೇಟರ್ ಒಂದೇ ಸಾಲಿನ ಕೆಲಸ, ಜಾವಾದವರಿಗೆ ಕೆಫೀನ್ ಎಂಬ ಲೈಬ್ರರಿ ಇದೆ. ಪ್ರೊಸೆಸ್ ಒಂದೇ ಇದ್ದರೆ ಧಾರಾಳವಾಗಿ ಸಾಕು. ಆದರೆ ಪೈಥಾನ್, ರೂಬಿ, ನೋಡ್ ಇವುಗಳಲ್ಲಿ ಎಲ್ಲ ಕೋರ್‌ಗಳಿಗೂ ಕೆಲಸ ಕೊಡಬೇಕೆಂದರೆ ಸಾಮಾನ್ಯವಾಗಿ ಹಲವು ವರ್ಕರ್ ಪ್ರೊಸೆಸ್ ಓಡಿಸುತ್ತೇವೆ. ಪ್ರತಿ ವರ್ಕರ್‌ಗೂ ಅದರದ್ದೇ ಡಿಕ್ಷನರಿ. ಬಳಕೆದಾರ ತನ್ನ ಹೆಸರು ಬದಲಿಸುತ್ತಾನೆ, ಆ ಮನವಿ ಹೋದ ವರ್ಕರ್ ತನ್ನ ಕ್ಯಾಶ್ ಅಳಿಸಿಕೊಳ್ಳುತ್ತದೆ, ಉಳಿದವಕ್ಕೆ ಸುದ್ದಿಯೇ ಇಲ್ಲ. ಪುಟ ರಿಫ್ರೆಶ್ ಮಾಡಿದರೆ ಹೊಸ ಹೆಸರು, ಇನ್ನೊಮ್ಮೆ ಮಾಡಿದರೆ ಹಳೆಯದು, ಮತ್ತೊಮ್ಮೆ ಹೊಸದು. ಇಂಥ ಬಗ್ ಹಿಡಿಯುವುದು ಪ್ರಾಣಸಂಕಟ, ಏಕೆಂದರೆ ಒಂದೇ ಪ್ರೊಸೆಸ್ ಓಡುವ ಡೆವಲಪರ್ ಲ್ಯಾಪ್‌ಟಾಪಿನಲ್ಲಿ ಅದು ಕಾಣಿಸಿಕೊಳ್ಳುವುದೇ ಇಲ್ಲ. ರೆಡಿಸ್ ಇದ್ದರೆ ಎಲ್ಲ ವರ್ಕರ್‌ಗಳೂ ನೋಡುವುದು ಒಂದೇ ಪ್ರತಿ. ಹೊಸ ಆವೃತ್ತಿ ಡಿಪ್ಲಾಯ್ ಮಾಡಿ ಅಪ್ಲಿಕೇಶನ್ ರೀಸ್ಟಾರ್ಟ್ ಮಾಡಿದಾಗಲೂ ಕ್ಯಾಶ್ ಬೆಚ್ಚಗೇ ಇರುತ್ತದೆ. ದಿನಕ್ಕೆ ನಾಲ್ಕು ಬಾರಿ ಡಿಪ್ಲಾಯ್ ಮಾಡುವ ತಂಡಕ್ಕೆ ಇದರ ಬೆಲೆ ಗೊತ್ತು. ನಾನು ರೆಡಿಸ್ ಉಳಿಸಿಕೊಂಡಿರುವುದು ಈ ಎರಡಕ್ಕೇ.

ಇನ್ನು ತಕರಾರು. ರೆಡಿಸ್ ಹುಟ್ಟುಗುಣದಲ್ಲಿ ಡೇಟಾ ಸ್ಟೋರ್, ಕ್ಯಾಶ್ ಅಲ್ಲ. ಅದರ ಡಿಫಾಲ್ಟುಗಳೂ ಆ ಗುಣಕ್ಕೆ ತಕ್ಕಂತಿವೆ. 64 ಬಿಟ್ ಮೆಷಿನ್ನಿನಲ್ಲಿ ಮ್ಯಾಕ್ಸ್‌ಮೆಮೊರಿ (ಬಳಸಬಹುದಾದ ಮೆಮೊರಿಯ ಮಿತಿ) ಎಂಬ ಸೆಟ್ಟಿಂಗಿನ ಡಿಫಾಲ್ಟ್ 0, ಅಂದರೆ ಮಿತಿಯೇ ಇಲ್ಲ. ಕ್ಯಾಶ್‌ಗೆಂದೇ ಮೀಸಲಾದ ಮೆಷಿನ್ನಾದರೆ ಹೇಗೋ ನಡೆದೀತು. ಡೇಟಾಬೇಸ್ ಜೊತೆಗೇ ವಾಸವಾಗಿದ್ದಾಗ ಮೆಮೊರಿ ಮುಗಿದರೆ ಪ್ರೊಸೆಸ್ ಕೊಂದು ಮೆಮೊರಿ ಬಿಡಿಸಿಕೊಳ್ಳುವ ಲಿನಕ್ಸಿನ ಓಓಎಂ ಕಿಲ್ಲರ್ ಯಾರ ಕತ್ತು ಹಿಡಿಯುತ್ತದೋ ಹೇಳಲಾಗದು, ಅದು ಪೋಸ್ಟ್‌ಗ್ರೆಸ್ಸೂ ಆಗಬಹುದು. ಸರಿ, ಮಿತಿ ಹಾಕಿದಿರಿ ಎನ್ನಿ. ಜಾಗಕ್ಕಾಗಿ ಯಾವ ಕೀ ಹೊರಹಾಕಬೇಕೆನ್ನುವ ಎವಿಕ್ಷನ್ ಪಾಲಿಸಿಯ ಡಿಫಾಲ್ಟ್ ನೋಎವಿಕ್ಷನ್: ಮಿತಿ ಮುಟ್ಟಿದ ಮೇಲೆ ಓದಲು ಬಿಡುತ್ತದೆ, ಬರೆಯಲು ಹೋದರೆ ಎರರ್ ಕೊಡುತ್ತದೆ. ಹಳೆಯದನ್ನು ಬಿಸಾಡಿ ಹೊಸದಕ್ಕೆ ಜಾಗ ಮಾಡುವ ಕ್ಯಾಶ್ ಬೇಕಿದ್ದರೆ ಆಲ್‌ಕೀಸ್-ಎಲ್‌ಆರ್‌ಯು ಎಂದು ನಾವೇ ಬರೆಯಬೇಕು. ರೆಡಿಸ್ 4.0ರಿಂದ ಎಲ್‌ಎಫ್‌ಯು (ಕಡಿಮೆ ಬಾರಿ ಬಳಸಿದ್ದನ್ನು ಬಿಸಾಡುವುದು) ಕೂಡ ಇದೆ. ವೊಲಟೈಲ್-ಎಲ್‌ಆರ್‌ಯು ಆರಿಸಿಕೊಂಡವರು ನೆನಪಿಡಬೇಕು: ಟಿಟಿಎಲ್ (ಕೀಯ ಆಯುಷ್ಯ) ಇಟ್ಟ ಕೀಗಳೇ ಇಲ್ಲದಿದ್ದರೆ ಅದೂ ನೋಎವಿಕ್ಷನ್‌ನಂತೆಯೇ ನಡೆದುಕೊಳ್ಳುತ್ತದೆ. ಅಂದಹಾಗೆ ಇಲ್ಲಿನ ಎಲ್‌ಆರ್‌ಯು ಪೂರ್ತಿ ನಿಖರವಲ್ಲ. ಡಿಫಾಲ್ಟ್ ಆಗಿ ಐದು ಕೀಗಳನ್ನು ಯಾದೃಚ್ಛಿಕವಾಗಿ ಆರಿಸಿ, ಅದರಲ್ಲಿ ಹಳೆಯದನ್ನು ತೆಗೆಯುವ ಅಂದಾಜು ಲೆಕ್ಕ. ಬಳಕೆಯಲ್ಲಿ ನನಗೆ ಇದರಿಂದ ಯಾವ ತೊಂದರೆಯೂ ಕಂಡಿಲ್ಲ.

ಪಾಲಿಸಿ ಇಡೀ ಇನ್‌ಸ್ಟನ್ಸ್‌ಗೆ (ಓಡುತ್ತಿರುವ ಒಂದು ರೆಡಿಸ್ ಪ್ರೊಸೆಸ್‌ಗೆ) ಒಂದೇ ಎನ್ನುವುದು ಬಹಳ ಜನರ ಗಮನಕ್ಕೆ ಬಂದಿರುವುದಿಲ್ಲ. 0ರಿಂದ 15ರವರೆಗೆ ಡೇಟಾಬೇಸ್ ನಂಬರುಗಳಿವೆ ನಿಜ, ಆದರೆ ಅವು ಹೆಸರಿನ ಬೇಲಿ ಮಾತ್ರ. ಮೆಮೊರಿ ಮಿತಿಯೂ ಎವಿಕ್ಷನ್ನೂ ಎಲ್ಲಕ್ಕೂ ಸೇರಿಯೇ. ಕ್ಯಾಶ್ 0ರಲ್ಲಿ, ಲಾಗಿನ್ ಸೆಶನ್‌ಗಳು 1ರಲ್ಲಿ, ಜಾಬ್ ಕ್ಯೂ 2ರಲ್ಲಿ ಎಂದು ಇಟ್ಟು ಆಲ್‌ಕೀಸ್-ಎಲ್‌ಆರ್‌ಯು ಹಾಕಿದರೆ, ಕ್ಯಾಶ್ ಉಬ್ಬಿದ ದಿನ ಸೆಶನ್ ಹಾರಿಹೋಗಿ ಜನ ಲಾಗೌಟ್ ಆಗುತ್ತಾರೆ. ಕ್ಯೂನಲ್ಲಿದ್ದ ಕೆಲಸವೂ ಸದ್ದಿಲ್ಲದೆ ಮಾಯವಾಗಬಹುದು. ನಾನು ಎರಡು ಪ್ರೊಸೆಸ್ ಓಡಿಸುತ್ತೇನೆ: ಕ್ಯಾಶ್‌ಗೆ ಪೋರ್ಟ್ 6379, ಕಳೆದುಕೊಳ್ಳಬಾರದ್ದಕ್ಕೆ ಪೋರ್ಟ್ 6380. ಖಾಲಿ ರೆಡಿಸ್ ತಿನ್ನುವ ಮೆಮೊರಿ ಕೆಲವೇ ಎಂಬಿ, ಹಾಗಾಗಿ ಇದರಲ್ಲಿ ಜಿಪುಣತನ ಬೇಡ.

ಡೇಟಾವನ್ನು ಆಗಾಗ ಡಿಸ್ಕಿಗೆ ಉಳಿಸುವ ಸ್ನ್ಯಾಪ್‌ಶಾಟ್ ಕೂಡ ಡಿಫಾಲ್ಟ್ ಆಗಿ ಚಾಲೂ ಇರುತ್ತದೆ. ಡಿಸ್ಕಿಗೆ ಬರೆಯಲು ರೆಡಿಸ್ ಫೋರ್ಕ್ ಮಾಡುತ್ತದೆ, ಅಂದರೆ ತನ್ನದೇ ಪ್ರತಿಯಾದ ಇನ್ನೊಂದು ಪ್ರೊಸೆಸ್ ಹುಟ್ಟಿಸುತ್ತದೆ. ಬರೆಯುತ್ತಿರುವಾಗ ಕೀಗಳು ಬದಲಾಗುತ್ತ ಹೋದರೆ ಬದಲಾದ ಭಾಗಕ್ಕಷ್ಟೇ ಪ್ರತಿ ಮಾಡುವ ಕಾಪಿ-ಆನ್-ರೈಟ್‌ನಿಂದಾಗಿ ಹೆಚ್ಚುವರಿ ಮೆಮೊರಿ ಬೇಕಾಗುತ್ತದೆ. ಇದು ಮ್ಯಾಕ್ಸ್‌ಮೆಮೊರಿ ಲೆಕ್ಕದ ಹೊರಗಿನದು. ಡಿಸ್ಕ್ ತುಂಬಿ ಸ್ನ್ಯಾಪ್‌ಶಾಟ್ ವಿಫಲವಾದರೆ, ಡಿಫಾಲ್ಟ್ ಸೆಟ್ಟಿಂಗ್ ಪ್ರಕಾರ ಬರೆಯುವುದನ್ನೇ ನಿಲ್ಲಿಸಿಬಿಡುತ್ತದೆ. ಡೇಟಾ ಸ್ಟೋರ್‌ಗೆ ಇದು ಜವಾಬ್ದಾರಿಯ ನಡೆ, ಕ್ಯಾಶ್‌ಗೆ ಅಧಿಕಪ್ರಸಂಗ. 6379ರಲ್ಲಿ ಸೇವ್ ಪೂರ್ತಿ ಆಫ್ ಮಾಡಿದ್ದೇನೆ. ಮೆಷಿನ್ ರೀಬೂಟ್ ಆದರೆ ಕ್ಯಾಶ್ ಖಾಲಿಯಿಂದ ಶುರುವಾಗುತ್ತದೆ, ಆಗಲಿ.

ಕಮಾಂಡುಗಳು ನಡೆಯುವುದು ಒಂದೇ ಥ್ರೆಡ್ಡಿನಲ್ಲಿ. 6.0ರಲ್ಲಿ ಬಂದ ಹೆಚ್ಚುವರಿ ಥ್ರೆಡ್‌ಗಳು ನೆಟ್‌ವರ್ಕ್ ಓದು-ಬರಹಕ್ಕೆ ಮಾತ್ರ. ಆದ್ದರಿಂದ ಯಾರಾದರೂ ಕೀಸ್ ಕಮಾಂಡಿಗೆ ನಕ್ಷತ್ರ ಚಿಹ್ನೆ ಕೊಟ್ಟು ಎಲ್ಲ ಕೀ ಕೇಳಿದರೆ ಉಳಿದವರೆಲ್ಲ ಕೈಕಟ್ಟಿ ಕಾಯಬೇಕು. ಅದರ ಬದಲು ಕಂತುಗಳಲ್ಲಿ ಕೊಡುವ ಸ್ಕ್ಯಾನ್, ದೊಡ್ಡ ಕೀ ಅಳಿಸಲು ಡೆಲ್ ಬದಲು ಹಿನ್ನೆಲೆಯಲ್ಲಿ ಮೆಮೊರಿ ಬಿಡಿಸುವ ಅನ್‌ಲಿಂಕ್.

ಅಪ್ಲಿಕೇಶನ್ ಕಡೆಯಿಂದ ಎರಡು ಕೆಲಸ ಆಗಲೇಬೇಕು. ರೆಡಿಸ್ ಉತ್ತರಿಸದಿದ್ದರೆ ಚಿಕ್ಕ ಟೈಮ್‌ಔಟ್ ಮುಗಿಸಿ ನೇರ ಡೇಟಾಬೇಸಿಗೆ ಹೋಗಬೇಕು, ಪುಟವೇ ಬೀಳಬಾರದು. ಟಿಟಿಎಲ್‌ಗೆ ಒಂದಷ್ಟು ಯಾದೃಚ್ಛಿಕ ಸೆಕೆಂಡು ಸೇರಿಸಬೇಕು. ಇಲ್ಲವಾದರೆ ಒಟ್ಟಿಗೆ ತುಂಬಿದ ಕೀಗಳು ಒಟ್ಟಿಗೇ ಅವಧಿ ಮುಗಿಸಿ, ಭಾರದ ಕ್ವೆರಿಗಳೆಲ್ಲ ಒಮ್ಮೆಲೇ ಪೋಸ್ಟ್‌ಗ್ರೆಸ್ ಮೇಲೆ ಮುಗಿಬೀಳುತ್ತವೆ. ಕ್ಯಾಶ್ ನಿಜಕ್ಕೂ ದುಡಿಯುತ್ತಿದೆಯೇ ಎಂದು ತಿಳಿಯಲು ಇನ್‌ಫೋ ಕಮಾಂಡಿನಲ್ಲಿ ಹಿಟ್ (ಕ್ಯಾಶ್‌ನಲ್ಲಿ ಸಿಕ್ಕಿದ್ದು), ಮಿಸ್ (ಸಿಗದ್ದು), ಎವಿಕ್ಟ್ ಆದ ಕೀಗಳ ಎಣಿಕೆ ಸಿಗುತ್ತದೆ. ನನ್ನಲ್ಲಿ ಕೆಲವು ಕೀಗಳ ಕ್ಯಾಶ್ ತೆಗೆದುಹಾಕಿದ್ದು ಈ ಎಣಿಕೆ ನೋಡಿಯೇ.

ರೆಡಿಸ್ ಬದಲು ಮೆಮ್‌ಕ್ಯಾಶ್ಡ್ ಎಂಬ ಸಾಫ್ಟ್‌ವೇರನ್ನೂ ಪರಿಗಣಿಸಬಹುದು. 2003ರಿಂದ ಇರುವ ಅದು ಶುದ್ಧ ಕ್ಯಾಶ್: ಡಿಫಾಲ್ಟ್ ಮಿತಿಯೇ 64 ಎಂಬಿ, ತುಂಬಿದರೆ ಹಳೆಯದು ತಾನಾಗೇ ಹೊರಗೆ, ಡಿಸ್ಕಿನ ಗೊಡವೆ ಇಲ್ಲ. ಬರೀ ಕ್ಯಾಶ್ ಬೇಕು ಎನ್ನುವವರಿಗೆ ಅದರ ಡಿಫಾಲ್ಟುಗಳೇ ಹೆಚ್ಚು ವಿವೇಕದವು. ನನಗೆ ಕ್ಯೂ ಮತ್ತು ಸೆಶನ್ ಕೂಡ ಬೇಕಿದ್ದರಿಂದ ಎರಡು ಬಗೆಯ ಸಾಫ್ಟ್‌ವೇರ್ ಸಾಕುವುದು ಬೇಡವೆನಿಸಿತು.

ಲೈಸೆನ್ಸ್ ಗೊಂದಲದ ಬಗ್ಗೆ ಕೇಳುವವರಿಗೆ: 2024ರ ಮಾರ್ಚ್‌ನಲ್ಲಿ ರೆಡಿಸ್ ಮುಕ್ತವಾದ ಬಿಎಸ್‌ಡಿ ಲೈಸೆನ್ಸ್ ಬಿಟ್ಟಿತು, ಅದೇ ತಿಂಗಳು ಲಿನಕ್ಸ್ ಫೌಂಡೇಶನ್ ಆಶ್ರಯದಲ್ಲಿ ವಾಲ್ಕೀ ಎಂಬ ಪ್ರತ್ಯೇಕ ಯೋಜನೆ ರೆಡಿಸ್‌ನಿಂದ ಕವಲೊಡೆಯಿತು. 2025ರಲ್ಲಿ ರೆಡಿಸ್ 8 ಎಜಿಪಿಎಲ್ ಎಂಬ ಓಪನ್ ಸೋರ್ಸ್ ಲೈಸೆನ್ಸಿನ ಆಯ್ಕೆಯನ್ನೂ ಕೊಟ್ಟಿತು. ಸ್ವಂತ ಅಪ್ಲಿಕೇಶನ್ನಿಗೆ ಸ್ವಂತ ಮೆಷಿನ್ನಿನಲ್ಲಿ ಕ್ಯಾಶ್ ಓಡಿಸುವವರ ದಿನಚರಿಯಲ್ಲಿ ಇದರಿಂದ ಏನೂ ಬದಲಾಗಿಲ್ಲ. ವಾಲ್ಕೀ ಅದೇ ಪ್ರೊಟೊಕಾಲ್ ಮಾತಾಡುತ್ತದೆ, ಅದೇ ಪೋರ್ಟ್, ನಾನು ಬಳಸುವ ಕ್ಲೈಂಟ್ ಲೈಬ್ರರಿಗೆ ವ್ಯತ್ಯಾಸವೇ ತಿಳಿಯಲಿಲ್ಲ. ಹೊಸದಾಗಿ ಇನ್‌ಸ್ಟಾಲ್ ಮಾಡುವವರು ತಮ್ಮ ಲಿನಕ್ಸ್ ಡಿಸ್ಟ್ರೋ ಯಾವುದನ್ನು ಪ್ಯಾಕೇಜ್ ಮಾಡಿ ಅಪ್‌ಡೇಟ್ ಕೊಡುತ್ತದೋ ಅದನ್ನೇ ಹಾಕಿಕೊಳ್ಳಲಿ, ಆದರೆ ಮ್ಯಾಕ್ಸ್‌ಮೆಮೊರಿ ಬರೆಯದೆ ಸ್ಟಾರ್ಟ್ ಮಾಡದಿರಲಿ.