ಹೊಸಂಗಡಿ ಗೇಟು ದಾಟುವ ನಮ್ಮ ಸ್ಕೂಲ್ ವ್ಯಾನ್ ಹೇಗುಂಟು?

ಜೂನ್ ಹತ್ತಿರ ಬಂತು. ಅಂಗನವಾಡಿಗೆ ಮಕ್ಕಳನ್ನು ಬಿಡಲು ಬರುವ ಅಮ್ಮಂದಿರೆಲ್ಲ ಈಗ ನನ್ನ ಹತ್ತಿರ ಕೇಳುವುದು ಒಂದೇ ಮಾತು. "ಟೀಚರೇ, ನಿಮ್ಮ ಮಗಳನ್ನು ಯಾವ ವ್ಯಾನಿಗೆ ಹಾಕಿದ್ದೀರಿ? ಹೇಗುಂಟು?" ಒಬ್ಬೊಬ್ಬರಿಗೇ ಹೇಳಿ ಸಾಕಾಯಿತು. ಇಲ್ಲಿ ಬರೆದುಬಿಡುತ್ತೇನೆ, ಬೇಕಾದವರು ಓದಿಕೊಳ್ಳಿ.

ನಮ್ಮ ಮನೆ ರೈಲು ಹಳಿಯ ಪಡುಬದಿಯಲ್ಲಿ, ಕಾಸರಗೋಡು ಜಿಲ್ಲೆಯ ಬಂಗ್ರ ಮಂಜೇಶ್ವರದ ಹತ್ತಿರ. ಶಾಲೆ ಮೂಡುಬದಿಯಲ್ಲಿ, ಮೀಯಪದವಿಗೆ ಹೋಗುವ ದಾರಿಯಲ್ಲಿ. ಅಂದರೆ ವ್ಯಾನು ದಿನಾ ಬೆಳಿಗ್ಗೆ, ಸಂಜೆ ಹೊಸಂಗಡಿಯ ರೈಲ್ವೇ ಗೇಟು ದಾಟಲೇಬೇಕು.

ಗಾಡಿ ಹಳೇ ಟೆಂಪೋ ಟ್ರಾವೆಲರ್, ಹಳದಿ ಬಣ್ಣ. ತಿಂಗಳಿಗೆ 1,300 ರೂಪಾಯಿ. ಹಿಂದಿನ ಸೀಟಿನ ರೆಕ್ಸಿನ್ ಹರಿದಿದೆ. ಮಳೆಗಾಲದಲ್ಲಿ ಒಂದು ಕಿಟಕಿಯ ಗ್ಲಾಸ್ ಸರಿಯಾಗಿ ಮುಚ್ಚುವುದಿಲ್ಲ, ಅಲ್ಲಿ ಕೂತ ಮಗುವಿನ ಬ್ಯಾಗು ಒದ್ದೆ. ಮಕ್ಕಳನ್ನು ಒತ್ತಿ ತುಂಬಿಸುವ ಕ್ರಮ ಇಲ್ಲ, ಎಲ್ಲರಿಗೂ ಸೀಟು ಉಂಟು. ಆಯಾ ಇದ್ದಾರೆ, ಮಗುವಿನ ಕೈ ಹಿಡಿದು ರಸ್ತೆ ದಾಟಿಸಿಯೇ ಬಿಡುತ್ತಾರೆ. ಡ್ರೈವರಿಗೆ ಐವತ್ತು ದಾಟಿರಬಹುದು. ಮಕ್ಕಳೆಲ್ಲ ಇಚ್ಚ, ಅಂದರೆ ಅಣ್ಣ, ಅಂತಾರೆ, ಈಗ ನಾವೂ ಇಚ್ಚ ಅಂತಲೇ ಕರೆಯುವುದು.

ಇಷ್ಟಾದರೆ ಬರೆಯುವಂಥದ್ದೇನೂ ಇರಲಿಲ್ಲ. ನಾನು ಈ ವ್ಯಾನನ್ನು ಬಿಡದೇ ಇರುವುದು ಗೇಟಿನ ಕಾರಣಕ್ಕೆ.

ಗೇಟು ಬಿದ್ದರೆ ನಮ್ಮಲ್ಲಿ ಏನಾಗುತ್ತದೆ ಎಂದು ನಿಮಗೆ ಗೊತ್ತಲ್ವಾ? ಮೊದಲು ಬಂದ ನಾಲ್ಕು ಗಾಡಿ ಸಾಲಾಗಿ ನಿಲ್ಲುತ್ತವೆ. ಐದನೆಯವನಿಗೆ ತಡೆಯುವುದಿಲ್ಲ, ಬಲಗಡೆಯಿಂದ ಬಂದು ಗೇಟಿಗೆ ಮೂತಿ ತಾಗಿಸಿ ನಿಲ್ಲಿಸುತ್ತಾನೆ. ಅವನ ಹಿಂದೆ ಆಟೋ, ಆಟೋದ ಹಿಂದೆ ಮೀನಿನ ಪಿಕಪ್. ಆಚೆ ಬದಿಯಲ್ಲೂ ಇದೇ ಕತೆ. ಗೇಟು ಏಳುವಾಗ ಎರಡು ಕಡೆಯವರೂ ರಸ್ತೆ ಪೂರಾ ತುಂಬಿಕೊಂಡು ಕೋಳಿ ಅಂಕದ ಹುಂಜಗಳ ಹಾಗೆ ಎದುರುಬದುರು. ನಡುವೆ ಇರುವುದು ಹಳಿ! ಯಾರಾದರೂ ಹಿಂದೆ ಬರಬೇಕು, ಹಿಂದೆ ಬರಲು ಜಾಗ ಎಲ್ಲಿ?

ಇಚ್ಚ ಎಡಬದಿ ಬಿಟ್ಟು ಕದಲುವುದಿಲ್ಲ. ಮುಂದಿನ ಗಾಡಿಗೆ ಅಂಟಿಸಿ ನಿಲ್ಲಿಸುವುದೂ ಇಲ್ಲ, ಸ್ವಲ್ಪ ಎಡೆ ಬಿಡುತ್ತಾರೆ. ಆ ಎಡೆಗೆ ಬೈಕಿನವರು ನುಗ್ಗುತ್ತಾರೆ, ಅದು ಬೇರೆ ಮಾತು. ಎಂಜಿನ್ ಆಫ್, ಹಾಡು ಆಫ್, ತಮ್ಮ ಬದಿಯ ಗ್ಲಾಸು ಕೆಳಗೆ. ಹಾಡು ಯಾಕೆ ನಿಲ್ಲಿಸುತ್ತೀರಿ ಎಂದು ಮಕ್ಕಳು ಬೊಬ್ಬೆ ಹೊಡೆದರೆ "ರೈಲಿನ ಹಾಡು ಕೇಳಿ" ಎನ್ನುತ್ತಾರಂತೆ.

ವಾರ್ಷಿಕೋತ್ಸವದ ದಿನ ನಾನೂ ಅದೇ ವ್ಯಾನಿನಲ್ಲಿ ಹೋಗಿದ್ದೆ, ಮುಂದಿನ ಸೀಟಿನಲ್ಲಿ. ಗೇಟು ಬಿದ್ದಿತ್ತು. ಮಂಗಳೂರಿಗೆ ಹೋಗುವ ಪ್ಯಾಸೆಂಜರ್ ದಾಟಿತು. ಕೂಡಲೇ ಬೈಕುಗಳೆಲ್ಲ ಸ್ಟಾರ್ಟ್. ಒಬ್ಬ ತಲೆ ಬಗ್ಗಿಸಿ ಗೇಟಿನ ಅಡಿಯಿಂದ ಸ್ಕೂಟರ್ ದೂಡಲು ಹೊರಟ. ಇಲ್ಲಿ ಹಳಿ ಎರಡು ಜೋಡಿ ಉಂಟು. ಮೊದಲ ರೈಲಿನ ಕೊನೆಯ ಡಬ್ಬ ಇನ್ನೂ ಕಾಣುತ್ತಿದ್ದಾಗಲೇ ಕಾಸರಗೋಡು ಕಡೆಗೆ ಹೋಗುವ ಇನ್ನೊಂದು ರೈಲು ಅದರ ಮರೆಯಿಂದ ಹೊರಬಂತು. ಗೇಟ್‌ಮ್ಯಾನ್ ಕೂಗಿದ ಮೇಲೆ ಸ್ಕೂಟರಿನವನು ಹಿಂದೆ ಸರಿದ. ನಾಚಿಕೆಯೂ ಇಲ್ಲ, ನಗುತ್ತಿದ್ದ!

ಗೇಟು ಎದ್ದಿತು. ಎಲ್ಲರ ಹಾರ್ನ್ ಒಟ್ಟಿಗೆ. ಇಚ್ಚ ಮಾತ್ರ ಗಾಡಿ ಎತ್ತಲಿಲ್ಲ. ಹೈವೇ ಕಡೆಯಲ್ಲಿ ಬ್ಲಾಕ್ ಆಗಿತ್ತು, ಹಳಿ ದಾಟಿದ ಮೇಲೆ ವ್ಯಾನು ಹಿಡಿಯುವಷ್ಟು ಜಾಗ ಇರಲಿಲ್ಲ. ಹಿಂದಿನ ಕಾರಿನವನು ಹಾರ್ನಿನಿಂದ ಕೈ ತೆಗೆಯಲೇ ಇಲ್ಲ.

"ಹೋಗಬಹುದಲ್ವಾ ಇಚ್ಚ?" ಎಂದೆ.

"ಅಲ್ಲಿ ಜಾಗ ಕಾಣದೆ ನಾನು ಹಳಿಗೆ ಹತ್ತಿಸುದಿಲ್ಲ ಟೀಚರೇ. ಮಧ್ಯದಲ್ಲಿ ನಿಂತರೆ ಈ ಹಾರ್ನಿನವ ಬಂದು ನಮ್ಮನ್ನು ಎತ್ತಿ ಬದಿಗಿಡ್ತಾನಾ?"

ಎದುರಿನ ಪಿಕಪ್ ಮುಂದೆ ಹೋಯಿತು. ಜಾಗ ಆಯಿತು. ಒಂದನೇ ಗೇರಿಗೆ ಹಾಕಿ, ಆಚೆ ಬದಿ ಮುಟ್ಟುವ ತನಕ ಗೇರ್ ಬದಲಿಸದೆ ದಾಟಿಸಿದರು. ಹಳಿಯ ಮೇಲೆ ಗೇರ್ ಬದಲಿಸಲು ಹೋಗಿ ಗಾಡಿ ಆಫ್ ಆಗುವುದು ಬೇಡ ಎಂದು. ಮೆಲ್ಲ ಎಂದರೆ ಮೆಲ್ಲ, ಆದರೆ ಎಲ್ಲೂ ನಿಲ್ಲಲಿಲ್ಲ.

ಇದಕ್ಕೆ ಇಷ್ಟು ಹೊಗಳಿಕೆ ಬೇಕಾ ಎಂದು ನನ್ನ ಯಜಮಾನರು ಕೇಳುತ್ತಾರೆ. ಬೇಕು. 2025ರ ಜುಲೈ 8ರಂದು ತಮಿಳುನಾಡಿನ ಕಡಲೂರು ಜಿಲ್ಲೆಯ ಸೆಮ್ಮಂಕುಪ್ಪಂನಲ್ಲಿ ಶಾಲೆಯ ವ್ಯಾನಿಗೆ ರೈಲು ಹೊಡೆದು ಮೂರು ಮಕ್ಕಳು ಹೋದರು. ಅದು ಗೇಟ್‌ಮ್ಯಾನ್ ಇದ್ದ ಗೇಟು. ಬ್ರಾಡ್‌ಗೇಜ್ ಹಳಿಗಳಲ್ಲಿ ಕಾವಲಿಲ್ಲದ ಗೇಟುಗಳು 2019ರ ಜನವರಿಯೊಳಗೆ ಮುಗಿದವು, ಆದರೂ ಇಂಥದ್ದು ಆಯಿತು. ಅದಕ್ಕೂ ಮೊದಲು 2018ರ ಏಪ್ರಿಲ್‌ನಲ್ಲಿ ಉತ್ತರಪ್ರದೇಶದ ಕುಶಿನಗರದಲ್ಲಿ, ಕಾವಲಿಲ್ಲದ ಗೇಟಿನಲ್ಲಿ, 13 ಮಕ್ಕಳು. ಅದೂ ಶಾಲೆಯ ವ್ಯಾನೇ. ಓಡುವ ರೈಲಿಗೆ ತುರ್ತು ಬ್ರೇಕ್ ಹಾಕಿದರೂ ನಿಲ್ಲಲು ಸುಮಾರು ಒಂದು ಕಿಲೋಮೀಟರ್ ಬೇಕಾಗುತ್ತದೆ. ಅದಕ್ಕೆ ಬದಿಗೆ ತಿರುಗಲೂ ಆಗುವುದಿಲ್ಲ. ನೋಡಿಕೊಳ್ಳಬೇಕಾದವರು ನಾವೇ.

ಇನ್ನು, ರೈಲು ಕಾಣುವುದೇ ಇಲ್ಲ, ಇಷ್ಟು ಬೇಗ ಗೇಟು ಯಾಕೆ ಹಾಕುತ್ತಾರೆ ಎಂದು ಬೈಯುವವರಿಗೆ ಒಂದು ಮಾತು. ಸಿಗ್ನಲಿಗೆ ಜೋಡಿಸಿದ ಗೇಟುಗಳಲ್ಲಿ ಗೇಟು ಬಿದ್ದು ಲಾಕ್ ಆದ ಮೇಲೆಯೇ ರೈಲಿಗೆ ಸಿಗ್ನಲ್ ಸಿಗುವುದು. ನಾವು ಕೊನೆಯ ಗಳಿಗೆಯಲ್ಲಿ ಒಬ್ಬರ ಹಿಂದೆ ಒಬ್ಬರು ನುಗ್ಗಿದರೆ ಗೇಟು ಇಳಿಯುವುದಿಲ್ಲ, ರೈಲು ಅಲ್ಲಿ ಕಾಯುತ್ತದೆ. ಆಮೇಲೆ ನಾವೂ ಜಾಸ್ತಿ ಹೊತ್ತು ಕಾಯುತ್ತೇವೆ. ಅವಸರದಲ್ಲಿ ಗೇಟು ಮುರಿದರೆ ರೈಲ್ವೇ ಕಾಯ್ದೆಯ 160ನೇ ಸೆಕ್ಷನ್ ಪ್ರಕಾರ ಐದು ವರ್ಷದವರೆಗೆ ಜೈಲು. ಇದನ್ನೂ ಇಚ್ಚನೇ ಮಕ್ಕಳಿಗೆ ಹೇಳಿಕೊಟ್ಟದ್ದು. ಮಗಳು ಮನೆಗೆ ಬಂದು ಅಪ್ಪನಿಗೆ ಪಾಠ ಮಾಡಿದಳು.

ಮೊದಲು ನಾವು ಬೇರೆ ಒಂದು ವ್ಯಾನಿಗೆ ಹಾಕಿದ್ದೆವು. ಹೆಸರು ಬೇಡ. ಹೊಸ ಗಾಡಿ, ಮೆತ್ತನೆ ಸೀಟು, ಬಾಡಿಗೆಯೂ ಕಡಿಮೆ. ಒಂದು ದಿನ ನಾನು ಗೇಟಿನ ಹತ್ತಿರದ ಅಂಗಡಿಯಲ್ಲಿ ತರಕಾರಿ ತೆಗೆದುಕೊಳ್ಳುತ್ತಿದ್ದೆ. ಗಂಟೆ ಹೊಡೆಯುತ್ತಿದೆ, ಗೇಟು ಅರ್ಧ ಇಳಿದಿದೆ, ಅಷ್ಟರಲ್ಲಿ ಆ ವ್ಯಾನು ಸುಯ್ಯಂತ ಅಡಿಯಿಂದ ಹೋಯಿತು. ಕಿಟಕಿಯಲ್ಲಿ ಮಗಳ ಕೆಂಪು ರಿಬ್ಬನ್ ಕಂಡಿತು. ಆ ತಿಂಗಳ ಹಣ ಕೊಟ್ಟು ಬಿಡಿಸಿದೆ. ಫೋನ್ ಮಾಡಿ ಕೇಳಿದ್ದಕ್ಕೆ "ದಿನಾ ಹೀಗೆಯೇ ಹೋಗುವುದಲ್ವಾ, ಏನಾಗಿದೆ?" ಎಂಬ ಉತ್ತರ ಬಂತು.

ಶಾಲೆಯ ಬಸ್ಸು ಎಲ್ಲಿದೆ ಎಂದು ನೋಡಲು ಕೇರಳ ಮೋಟಾರು ವಾಹನ ಇಲಾಖೆಯ ವಿದ್ಯಾ ವಾಹನ್ ಆ್ಯಪ್ ಉಂಟು. ಒಳ್ಳೆಯದೇ. ಆದರೆ ಗಾಡಿ ಗೇಟಿನ ಹತ್ತಿರ ಇದೆ ಎಂದು ಗೊತ್ತಾದರೆ ಸಾಕಾ? ಯಾವ ಬದಿಯಲ್ಲಿ ನಿಂತಿದೆ ಎಂದು ಮ್ಯಾಪಿನ ಚುಕ್ಕೆಯಲ್ಲಿ ಕಾಣುವುದಿಲ್ಲ. ವ್ಯಾನಿಗೆ ಹಣ ಕೊಡುವ ಮೊದಲು ಒಂದು ಬೆಳಿಗ್ಗೆ ಹೋಗಿ ಗೇಟಿನ ಹತ್ತಿರ ಸುಮ್ನೆ ನಿಂತು ನೋಡಿ.

ಈಗ ದೂರುಗಳು. ಗೇಟಿನಲ್ಲಿ ಅವಸರ ಮಾಡದ ಕಾರಣ ಶಾಲೆಗೆ ಆಗಾಗ ತಡ ಆಗುತ್ತದೆ. ನಮ್ಮ ಶಾಲೆಯವರು ಸುಧಾರಿಸಿಕೊಳ್ಳುತ್ತಾರೆ, ಎಲ್ಲ ಶಾಲೆಯವರೂ ಹಾಗಿರುವುದಿಲ್ಲ. ಕಿಟಕಿ ರಿಪೇರಿ ಮಾಡಿಸುತ್ತೇನೆ ಎಂದು ಕಳೆದ ಮಳೆಗಾಲದಿಂದ ಹೇಳುತ್ತಿದ್ದಾರೆ. ಏಪ್ರಿಲ್, ಮೇ ರಜೆಗೂ ಅರ್ಧ ಬಾಡಿಗೆ ಕೇಳುತ್ತಾರೆ, ಇದು ನನಗೆ ಸರಿ ಕಾಣುವುದಿಲ್ಲ. ನಾನು ಜಗಳ ಮಾಡಿ ಮೇ ತಿಂಗಳದ್ದು ಬಿಡಿಸಿಕೊಂಡೆ. ನೀವೂ ಕೇಳಿ ನೋಡಿ. ನಂಬರ್ ಶಾಲೆಯ ಆಫೀಸಿನಲ್ಲಿ ಸಿಗುತ್ತದೆ. ಸಂಜೆ ಐದೂವರೆಯ ನಂತರ ಮಾಡಿ, ಗಾಡಿ ಓಡಿಸುವಾಗ ಇಚ್ಚ ಫೋನ್ ಎತ್ತುವುದಿಲ್ಲ.