ರೆಕಾರ್ಡಿಂಗ್‌ಗೆ ಯಾವ ಲಿನಕ್ಸ್ ಕರ್ನಲ್? ಮಾಮೂಲಿ, ಪ್ರಿಎಂಪ್ಟ್ ಫುಲ್, ಆರ್‌ಟಿ ಮೂರನ್ನೂ ಬಳಸಿ ನೋಡಿದ ಮೇಲೆ

ನನ್ನ ಓಟು ಯಾವುದಕ್ಕೆ ಅಂತ ಮೊದಲೇ ಹೇಳಿಬಿಡುತ್ತೇನೆ: ಬೂಟ್ ಸಾಲಿನಲ್ಲಿ (ಕಂಪ್ಯೂಟರ್ ಶುರುವಾಗುವಾಗ ಕರ್ನಲ್‌ಗೆ ಕೊಡುವ ಸೂಚನೆಗಳ ಸಾಲು) ‘ಪ್ರಿಎಂಪ್ಟ್=ಫುಲ್’ ಹಾಕಿದ ಮಾಮೂಲಿ ಕರ್ನಲ್‌ಗೆ. ಹೆಸರಿನಲ್ಲೇ ರಿಯಲ್-ಟೈಮ್ ಇರುವ ಆರ್‌ಟಿ ಕರ್ನಲ್‌ಗೆ ಅಲ್ಲ. ಕರ್ನಲ್ ಅಂದರೆ ಯಾರಿಗೆ ಯಾವಾಗ ಸಿಪಿಯು ಅಂತ ತೀರ್ಮಾನಿಸುವ ಲಿನಕ್ಸ್‌ನ ತಿರುಳು, ಪ್ರಿಎಂಪ್ಟ್ ಅಂದರೆ ಓಡುತ್ತಿರುವ ಕೆಲಸವನ್ನು ತಡೆದು ಇನ್ನೊಂದಕ್ಕೆ ಸರದಿ ಕೊಡುವುದು.

ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ ಕೊಂಡ ಮೇಲೆ ಈ ಪ್ರಶ್ನೆ ಎದ್ದಿತು. ಹಾಡುವಾಗ ನಮ್ಮ ದನಿ ಹೆಡ್‌ಫೋನಿನಲ್ಲಿ ತಡವಾಗಿ ಕೇಳಿಸಿದರೆ ತಾಳ ಕೈಬಿಡುತ್ತೆ, ಹಾಗಾಗಿ ಬಫರ್ (ಒಂದು ಸಲಕ್ಕೆ ಕೂಡಿಟ್ಟು ಕಳಿಸುವ ದನಿಯ ತುಣುಕು) ಚಿಕ್ಕದಿರಬೇಕು. 48,000 ಹರ್ಟ್ಸ್‌ನಲ್ಲಿ 128 ಸ್ಯಾಂಪಲ್ ಅಂದರೆ 2.67 ಮಿಲಿಸೆಕೆಂಡ್. ಅಷ್ಟರೊಳಗೆ ಆಡಿಯೊ ಥ್ರೆಡ್ (ಪ್ರೋಗ್ರಾಂನೊಳಗೆ ದನಿಯ ಕೆಲಸ ನೋಡಿಕೊಳ್ಳುವ ಎಳೆ) ಎದ್ದು ಕೆಲಸ ಮುಗಿಸಬೇಕು, ಇಲ್ಲದಿದ್ದರೆ ರೆಕಾರ್ಡಿಂಗ್‌ನಲ್ಲಿ ‘ಚಟ್’ ಅಂತ ಸದ್ದು ಕೂತುಬಿಡುತ್ತೆ. ನನಗೋ, ಹಿನ್ನೆಲೆಯಲ್ಲಿ ಏನಾದರೂ ಕಂಪೈಲ್ ಆಗುತ್ತಿರುವಾಗಲೇ ರೆಕಾರ್ಡ್ ಮಾಡುವ ಅಭ್ಯಾಸ.

ಮಾಮೂಲಿ ಕರ್ನಲ್, ‘ವಾಲಂಟರಿ’ ಸೆಟ್ಟಿಂಗ್: ಕಂಪೈಲ್ ಶುರುವಾದ ಕೂಡಲೇ ಚಟ್ ಚಟ್. ಆಡಿಯೊ ಥ್ರೆಡ್‌ಗೆ ಫಿಫೊ ಆದ್ಯತೆ (ಸಾಮಾನ್ಯ ಪ್ರೋಗ್ರಾಂಗಳಿಗಿಂತ ಮೊದಲು ಸರದಿ ಸಿಗುವ ರಿಯಲ್-ಟೈಮ್ ವರ್ಗ, ಸಂಖ್ಯೆ ದೊಡ್ಡದಾದಷ್ಟೂ ಆದ್ಯತೆ ಹೆಚ್ಚು) ಇದ್ದರೂ ಹೀಗೇ. ಬೇರೆ ಯಾವುದೋ ಪ್ರೋಗ್ರಾಂನ ಸಿಸ್ಟಮ್ ಕಾಲ್ (ಕರ್ನಲ್‌ಗೆ ಇಟ್ಟ ಬೇಡಿಕೆ) ಕರ್ನಲ್ ಒಳಗೆ ಓಡುತ್ತಿದ್ದರೆ, ಅದು ಬಿಟ್ಟುಕೊಡುವ ಜಾಗ ಬರುವವರೆಗೆ ಎಷ್ಟೇ ದೊಡ್ಡ ಆದ್ಯತೆಯ ಥ್ರೆಡ್ಡೂ ಕಾಯಬೇಕು. ನೈಸ್ −20 (ಸಾಮಾನ್ಯ ಪ್ರೋಗ್ರಾಂಗೆ ಸಿಗುವ ಅತಿ ಹೆಚ್ಚಿನ ಆದ್ಯತೆ) ಕೊಟ್ಟರೆ ಸಾಕಲ್ಲವಾ ಅಂತ ಕೇಳುವವರಿದ್ದಾರೆ. ಸಾಲದು. ನೈಸ್ ಸಿಪಿಯುನಲ್ಲಿ ಪಾಲು ಹೆಚ್ಚಿಸುತ್ತೆ, ಇಷ್ಟರೊಳಗೆ ಸರದಿ ಬಂದೇ ಬರುತ್ತೆ ಅನ್ನುವ ಖಾತರಿ ಕೊಡಲ್ಲ.

ಆರ್‌ಟಿ ಕರ್ನಲ್: ಸುಮಾರು ಇಪ್ಪತ್ತು ವರ್ಷ ಪ್ರತ್ಯೇಕ ಪ್ಯಾಚ್ ಆಗಿದ್ದದ್ದು 2024ರ 6.12 ಆವೃತ್ತಿಯಲ್ಲಿ ಮುಖ್ಯ ಕರ್ನಲ್ ಸೇರಿತು. ಥ್ರೆಡ್ ಎಷ್ಟು ತಡವಾಗಿ ಏಳುತ್ತೆ ಅಂತ ಅಳೆಯುವ ಸೈಕ್ಲಿಕ್‌ಟೆಸ್ಟ್ ಓಡಿಸಿ, ಅತಿ ಹೆಚ್ಚಿನ ತಡ ತೋರಿಸುವ ಮ್ಯಾಕ್ಸ್ ಕಾಲಂ ನೋಡಿದರೆ ಮೂರರಲ್ಲಿ ಇದೇ ಮೇಲು, ಅದರಲ್ಲಿ ಎರಡು ಮಾತಿಲ್ಲ. 64 ಸ್ಯಾಂಪಲ್‌ಗೂ ಜಗ್ಗಲಿಲ್ಲ.

ಆದರೆ ಮೌಸ್ ಹೆಪ್ಪುಗಟ್ಟುತ್ತಿತ್ತು. ದೊಡ್ಡ ಫೈಲಿನ ವೇವ್‌ಫಾರ್ಮ್ ಜೂಮ್ ಮಾಡಿದಾಗೆಲ್ಲ ಪಾಯಿಂಟರ್ ಸೆಕೆಂಡ್‌ಗಟ್ಟಲೆ ನಿಂತಲ್ಲೇ ನಿಲ್ಲುತ್ತಿತ್ತು, ಆಮೇಲೆ ಒಮ್ಮೆಲೇ ಪರದೆಯ ಇನ್ನೊಂದು ಮೂಲೆಗೆ ಹಾರುತ್ತಿತ್ತು. ಉಳಿದ ಕೋರ್‌ಗಳು ಖಾಲಿ. ಕಾರಣ ಸಿಕ್ಕಿದ್ದು ‘ಪಿಎಸ್’ ಕಮ್ಯಾಂಡಿನಲ್ಲಿ ಥ್ರೆಡ್‌ವಾರು ಆದ್ಯತೆ ತೆಗೆದು ನೋಡಿದಾಗ. ನಾನು ಬಳಸುವ ಆಡಿಯೊ ಎಡಿಟರ್ ಆಡಿಯೊ ಥ್ರೆಡ್‌ಗೆ ಮಾತ್ರವಲ್ಲ, ವಿಂಡೋ ಬಿಡಿಸುವ ಥ್ರೆಡ್‌ಗೂ ಫಿಫೊ 70 ಹಾಕಿಕೊಂಡು ಕೂತಿತ್ತು. ಆರ್‌ಟಿ ಕರ್ನಲ್‌ನಲ್ಲಿ ಇಂಟರಪ್ಟ್ (ಮೌಸಿನಂಥ ಸಾಧನ ಸಿಪಿಯುವನ್ನು ಕರೆಯುವ ಸಂಕೇತ) ಕೆಲಸವೂ ಹೆಚ್ಚುಕಡಿಮೆ ಎಲ್ಲಾ ಥ್ರೆಡ್‌ಗಳ ಮೂಲಕವೇ ನಡೆಯುತ್ತೆ, ಅವುಗಳ ಆದ್ಯತೆ 50. ಫಿಫೊ ಥ್ರೆಡ್ ತಾನಾಗಿ ನಿದ್ದೆ ಹೋಗುವವರೆಗೆ ಅಥವಾ ಅದಕ್ಕಿಂತ ಮೇಲಿನದು ಬರುವವರೆಗೆ ಕೋರ್ ಬಿಡಲ್ಲ. ಯುಎಸ್‌ಬಿ ಇಂಟರಪ್ಟ್ ಥ್ರೆಡ್ ಅದೇ ಕೋರ್‌ಗೆ ಕಟ್ಟಿಕೊಂಡಿದ್ದರೆ, ಚಿತ್ರ ಬಿಡಿಸಿ ಮುಗಿಯುವವರೆಗೆ ಮೌಸಿನ ಸುದ್ದಿ ಒಳಗೆ ಬರಲು ದಾರಿಯೇ ಇಲ್ಲ.

ಲಿನಕ್ಸ್‌ನಲ್ಲಿ ಒಂದು ರಕ್ಷಣೆ ಇದೆಯಲ್ಲ, ರಿಯಲ್-ಟೈಮ್ ಕೆಲಸ ಎಷ್ಟೇ ಹಟ ಹಿಡಿದರೂ ಪ್ರತಿ ಸೆಕೆಂಡಿನಲ್ಲಿ 50 ಮಿಲಿಸೆಕೆಂಡ್ ಉಳಿದವರಿಗೆ ಅಂತ? ಇಲ್ಲಿ ಅದೂ ಉಪಯೋಗಕ್ಕೆ ಬರಲ್ಲ. ಆ 50 ಮಿಲಿಸೆಕೆಂಡ್ ಸಾಮಾನ್ಯ ಪ್ರೋಗ್ರಾಂಗಳ ಪಾಲು, ಇಂಟರಪ್ಟ್ ಥ್ರೆಡ್ಡು ತಾನೂ ಫಿಫೊ. ಪರಿಹಾರ ಇದೆ: ಯುಎಸ್‌ಬಿ ಥ್ರೆಡ್ಡನ್ನು 90ಕ್ಕೆ ಏರಿಸಬೇಕು, ಇಲ್ಲವೇ ಎಡಿಟರಿನ ಆ ಥ್ರೆಡ್ಡನ್ನು ಸಾಮಾನ್ಯ ವರ್ಗಕ್ಕೆ ಇಳಿಸಬೇಕು. ಎರಡೂ ಕೆಲಸ ಮಾಡಿದವು. ಆದರೆ ಮೊದಲನೆಯದನ್ನು ಬೂಟ್ ಮಾಡಿದಾಗೆಲ್ಲ, ಎರಡನೆಯದನ್ನು ಎಡಿಟರ್ ತೆರೆದಾಗೆಲ್ಲ ಮತ್ತೆ ಮಾಡಬೇಕು, ಹೊಸ ಪ್ಲಗಿನ್ ಹಾಕಿದರೆ ಮತ್ತೆ ಪಟ್ಟಿ ತೆಗೆದು ನೋಡಬೇಕು. ಹಾಡಲು ಕೂತವರ ತಲೆಯಲ್ಲಿ ಇರಬೇಕಾದ ವಿಷಯವೇ ಅಲ್ಲ ಇದು.

ಕಂಪೈಲ್ ವೇಗವೂ ಆರ್‌ಟಿಯಲ್ಲಿ ಗೊತ್ತಾಗುವಷ್ಟು ಇಳಿಯಿತು.

ಪ್ರಿಎಂಪ್ಟ್ ಫುಲ್: 2021ರ 5.12ರಿಂದೀಚೆಗೆ, ಡೈನಮಿಕ್ ಆಯ್ಕೆ ಇಟ್ಟು ಕಟ್ಟಿದ ಕರ್ನಲ್‌ಗಳಲ್ಲಿ ಬೂಟ್ ಸಾಲಿಗೆ ಇದೊಂದು ಪದ ಸೇರಿಸಿದರೆ ಆಯಿತು. ಮರುಕಂಪೈಲ್ ಇಲ್ಲ, ಬೇರೆ ಪ್ಯಾಕೇಜ್ ಇಲ್ಲ, ಗ್ರಾಫಿಕ್ಸ್ ಡ್ರೈವರ್ ತಕರಾರು ಇಲ್ಲ. ಸ್ಪಿನ್‌ಲಾಕ್ (ಹಿಡಿದಿರುವಾಗ ನಡುವೆ ತಡೆಯಲಾಗದ ಬೀಗ) ಹಿಡಿದ ತುಣುಕುಗಳಂಥ ಜಾಗ ಬಿಟ್ಟರೆ ಕರ್ನಲ್ ಕೋಡನ್ನು ಎಲ್ಲಿ ಬೇಕಾದರೂ ತಡೆದು ಆಡಿಯೊ ಥ್ರೆಡ್ ಒಳಗೆ ಬರಬಹುದು. ಇಂಟರಪ್ಟ್‌ಗಳು ನೇರವಾಗಿ ನಡೆಯುವುದರಿಂದ ಅದೇ ಎಡಿಟರ್, ಅದೇ ಫೈಲ್, ಅದೇ ಜೂಮ್ ಇದ್ದರೂ ಮೌಸ್ ಓಡಾಡುತ್ತಲೇ ಇತ್ತು. 128ರಲ್ಲಿ ಕಂಪೈಲ್ ಜತೆಗೇ ರೆಕಾರ್ಡ್ ಮಾಡಿದರೂ ಚಟ್ ಇಲ್ಲ. 64ಕ್ಕೆ ಇಳಿಸಿದರೆ ಆಗೊಮ್ಮೆ ಈಗೊಮ್ಮೆ ಬರುತ್ತೆ, ಅಲ್ಲಿ ಆರ್‌ಟಿಯೇ ಗೆಲ್ಲುತ್ತೆ. ಆ 1.33 ಮಿಲಿಸೆಕೆಂಡ್ ವ್ಯತ್ಯಾಸ ನನ್ನ ಕಿವಿಗೆ ತಿಳಿಯಲ್ಲ.

ಮೋಟಾರ್ ನಿಯಂತ್ರಣದಂಥ ಕೆಲಸ ಇದ್ದವರು ಆರ್‌ಟಿಯನ್ನೇ ಹಾಕಿಕೊಳ್ಳಿ, ಅಲ್ಲಿ ಒಂದು ಸಲ ತಡವಾದರೂ ಯಂತ್ರಕ್ಕೆ ಪೆಟ್ಟು. ಹಳೇ ಲ್ಯಾಪ್‌ಟಾಪ್ ಬದಲಿಸಲು ದುಡ್ಡಿಲ್ಲದ, ಒಂದೇ ಮೆಷಿನ್ನಿನಲ್ಲಿ ಕೋಡೂ ಹಾಡೂ ನಡೆಸುವ ನನ್ನಂಥವರು ಪ್ರಿಎಂಪ್ಟ್ ಫುಲ್ ಹಾಕಿ, ಬಫರ್ 128ಕ್ಕೆ ಬಿಟ್ಟು, ಫಿಫೊವನ್ನು ಆಡಿಯೊ ಥ್ರೆಡ್‌ಗೆ ಮಾತ್ರ ಕೊಟ್ಟರೆ ಸಾಕು.