ಎರಡು ಗುಂಪು ಹೋಲಿಸಲು ಆರ್‌ನ ಟಿ ಟೆಸ್ಟ್: ಐದಕ್ಕೆ ನಾಲ್ಕು ಸ್ಟಾರ್

ಎರಡು ಗುಂಪುಗಳ ಬಿಪಿ, ಶುಗರ್ ಹೋಲಿಸಬೇಕಾದವರು ಸುಮ್ನೆ ದುಡ್ಡು ಸುರಿಯಬೇಡಿ, ಪುಕ್ಕಟೆ ಸಿಗುವ ಆರ್ (R) ಅನ್ನುವ ಅಂಕಿಅಂಶದ ಸಾಫ್ಟ್‌ವೇರ್ ಸಾಕು. ಇದರ ಟಿ ಟೆಸ್ಟ್, ಅಂದರೆ ಎರಡು ಸರಾಸರಿ ಹೋಲಿಸುವ ಲೆಕ್ಕ, ಪಿ ವ್ಯಾಲ್ಯೂ (ನಿಜವಾಗಿ ವ್ಯತ್ಯಾಸವೇ ಇಲ್ಲದಿದ್ದರೆ ಇಷ್ಟು ಅಥವಾ ಇನ್ನೂ ದೊಡ್ಡ ವ್ಯತ್ಯಾಸ ಆಕಸ್ಮಿಕವಾಗಿ ಕಾಣುವ ಸಾಧ್ಯತೆ) ಜೊತೆಗೆ 95% ಕಾನ್ಫಿಡೆನ್ಸ್ ಇಂಟರ್‌ವಲ್ ಕೂಡ ಕೊಡುತ್ತದೆ, ಅಂದರೆ ವ್ಯತ್ಯಾಸ ಎಷ್ಟರಿಂದ ಎಷ್ಟರವರೆಗೆ ಇರಬಹುದು ಅನ್ನುವ ಅಂದಾಜು. ನನಗೆ ಅದೇ ಮುಖ್ಯ.

ಆರ್‌ನಲ್ಲೇ ಬರುವ ‘ಸ್ಲೀಪ್’ ಡೇಟಾ ಹಾಕಿ ನೋಡಿ. ಎರಡು ನಿದ್ದೆ ಔಷಧಿ, 10 ಜನ. ಬೇರೆ ಬೇರೆ ಗುಂಪು ಅಂದುಕೊಂಡು ಲೆಕ್ಕ ಹಾಕಿದರೆ ಎರಡನೆಯ ಔಷಧಿಯಿಂದ ಸಿಗುವ ಹೆಚ್ಚಿನ ನಿದ್ದೆ -0.21ರಿಂದ 3.37 ಗಂಟೆ. ಸೊನ್ನೆಯೂ ಒಳಗೇ ಇದೆ, ಹಾಗಾಗಿ ಗಟ್ಟಿಯಾಗಿ ಏನೂ ಹೇಳಲು ಆಗುವುದಿಲ್ಲ. ಆದರೆ ಎರಡೂ ಸಲ ಅದೇ ಜನ ಅಲ್ವಾ, ಒಬ್ಬೊಬ್ಬರ ಎರಡೂ ಅಳತೆ ಜೋಡಿಯಾಗಿ ಹೋಲಿಸಿದರೆ 0.70ರಿಂದ 2.46 ಗಂಟೆ, ಸೊನ್ನೆ ಹೊರಗೇ! ಯಾವ ಲೆಕ್ಕ ಸರಿ ಅಂತ ಆರ್ ಹೇಳಿಕೊಡುವುದಿಲ್ಲ, ಅದಕ್ಕೇ ಒಂದು ಸ್ಟಾರ್ ಕಡಿಮೆ. ಆರ್ ಮೊದಲ ಗುಂಪಿನಿಂದ ಎರಡನೆಯದನ್ನು ಕಳೆಯುವುದರಿಂದ ಇಲ್ಲಿ ಉತ್ತರ ಮೈನಸ್‌ನಲ್ಲಿ ಬರುತ್ತದೆ (ಮೇಲೆ ನಾನು ಚಿಹ್ನೆ ತಿರುಗಿಸಿ ಬರೆದಿದ್ದೇನೆ), ನೋಡಿಕೊಳ್ಳಿ.